‘ಯೂಶುವಲಿ’ ಕದಲುವುದಿಲ್ಲ, ‘ಆನ್ ಫ್ರೈಡೇಸ್’ ಕದಲುತ್ತದೆ

ಸಂಜೆಯ ಸ್ಪೋಕನ್ ಇಂಗ್ಲಿಷ್ ಬ್ಯಾಚ್ ಶುರುವಾದ ಮೊದಲ ವಾರವೇ ನಾನು ಬೋರ್ಡಿನ ಮೇಲೆ ಒಂದು ಕನ್ನಡ ವಾಕ್ಯ ಬರೆಯುತ್ತೇನೆ. ‘ನಾನು ಸಾಮಾನ್ಯವಾಗಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿಗೆ ಹೋಗ್ತೀನಿ.’ ಇದನ್ನು ಇಂಗ್ಲಿಷಿನಲ್ಲಿ ಹೇಳಿ ಅಂದರೆ ಪದಗಳೆಲ್ಲ ಸರಿಯಾಗಿಯೇ ಬರುತ್ತವೆ. ‘ಯೂಶುವಲಿ’ ಗೊತ್ತು, ‘ಮಂಡೇ’ ಗೊತ್ತು, ‘ಟೆನ್ ಓ ಕ್ಲಾಕ್’ ಗೊತ್ತು. ತಪ್ಪುವುದು ಜಾಗ. ‘ಐ ಗೋ ಯೂಶುವಲಿ ಮಂಡೇ ಮಾರ್ನಿಂಗ್ ಟೆನ್ ಓ ಕ್ಲಾಕ್ ಟು ಬ್ಯಾಂಕ್’ ಅನ್ನುತ್ತಾರೆ. ಕೇಳುವವರಿಗೆ ಅರ್ಥವಾಗುತ್ತದೆ, ನಿಜ. ಆದರೆ ಹೇಳುವವರಿಗೇ ಎಲ್ಲೋ ಎಡವಿದೆ ಅಂತ ಗೊತ್ತಾಗಿ ದನಿ ಇಳಿಯುತ್ತದೆ. ಆ ದನಿ ಇಳಿಯಬಾರದು ಅನ್ನುವುದೇ ನನ್ನ ಆಸೆ.

ಸರಿಯಾದ ವಾಕ್ಯ ಹೀಗಿದೆ: ‘ಐ ಯೂಶುವಲಿ ಗೋ ಟು ದ ಬ್ಯಾಂಕ್ ಅಟ್ ಟೆನ್ ಆನ್ ಮಂಡೇ ಮಾರ್ನಿಂಗ್ಸ್.’ ಇದನ್ನು ಕನ್ನಡ ವಾಕ್ಯದ ಕೆಳಗೆ ಬರೆದು ನೋಡಿ. ಕನ್ನಡದಲ್ಲಿ ಸೋಮವಾರ ಬೆಳಿಗ್ಗೆ, ಹತ್ತಕ್ಕೆ, ಬ್ಯಾಂಕಿಗೆ, ಆಮೇಲೆ ಹೋಗುವುದು. ಇಂಗ್ಲಿಷಿನಲ್ಲಿ ಹೋಗುವುದು, ಬ್ಯಾಂಕಿಗೆ, ಹತ್ತಕ್ಕೆ, ಸೋಮವಾರ ಬೆಳಿಗ್ಗೆ. ಕನ್ನಡಿಯಲ್ಲಿ ನೋಡಿದ ಹಾಗೆ ಪೂರಾ ತಿರುಗಿದೆ ಅಲ್ವಾ? ನಮ್ಮಲ್ಲಿ ‘ಗೆ’, ‘ಅಲ್ಲಿ’, ‘ಇಂದ’ ಪದದ ಬಾಲಕ್ಕೆ ಅಂಟುತ್ತವೆ. ಆ ಕೆಲಸವನ್ನೇ ಇಂಗ್ಲಿಷಿನಲ್ಲಿ ಟು, ಅಟ್, ಇನ್, ಆನ್, ಫ್ರಮ್ ಅನ್ನುವ ಪ್ರಿಪೊಸಿಷನ್‌ಗಳು ಪದಕ್ಕಿಂತ ಮೊದಲು ನಿಂತು ಮಾಡುತ್ತವೆ. ಪ್ರಿಪೊಸಿಷನ್ ಇರುವ ಇಂಥ ತುಂಡುಗಳು ಸಾಮಾನ್ಯವಾಗಿ ಕ್ರಿಯಾಪದವನ್ನು ದಾಟಿ ಆಚೆ ಹೋಗಿ ಕೂರುತ್ತವೆ.

ದಾಟದೆ ಉಳಿದದ್ದು ‘ಯೂಶುವಲಿ’ ಒಂದೇ. ಆಲ್ವೇಸ್, ಯೂಶುವಲಿ, ಆಫನ್, ಸಮ್‌ಟೈಮ್ಸ್, ರೇರ್ಲಿ, ನೆವರ್ ಇವೆಲ್ಲ ‘ಎಷ್ಟು ಸಲ’ ಅಂತ ಹೇಳುವ ಪದಗಳು. ವ್ಯಾಕರಣದಲ್ಲಿ ಇವಕ್ಕೆ ಫ್ರೀಕ್ವೆನ್ಸಿ ಆ್ಯಡ್‌ವರ್ಬ್ ಅನ್ನುತ್ತಾರೆ. ಇವುಗಳ ಸ್ವಂತ ಜಾಗ ಮುಖ್ಯ ಕ್ರಿಯಾಪದಕ್ಕಿಂತ ಮೊದಲು, ಮೈಗೆ ಮೈ ಅಂಟಿಕೊಂಡು. ಸಮ್‌ಟೈಮ್ಸ್ ಮತ್ತು ಆಫನ್‌ಗೆ ಸ್ವಲ್ಪ ಸಲಿಗೆ ಜಾಸ್ತಿ, ವಾಕ್ಯದ ಕೊನೆಗೂ ಹೋಗಬಲ್ಲವು. ಆಲ್ವೇಸ್ ಮತ್ತು ನೆವರ್‌ಗೆ ಅಷ್ಟು ಸಲಿಗೆ ಇಲ್ಲ. ನಾವು ಅಭ್ಯಾಸಬಲದಿಂದ ‘ಡೈಲಿ’ಯನ್ನೂ ಇದೇ ಜಾಗದಲ್ಲಿ ಇಡುತ್ತೇವೆ. ‘ನಾನು ದಿನಾ ಜಿಮ್‌ಗೆ ಹೋಗ್ತೀನಿ’ ಅನ್ನುವುದು ‘ಐ ಡೈಲಿ ಗೋ ಟು ಜಿಮ್’ ಆಗುತ್ತದೆ. ‘ದಿನಾ’ ಅನ್ನುವ ಮಾತು ಕೊನೆಯಲ್ಲಿ ಬರಬೇಕು: ‘ಐ ಗೋ ಟು ದ ಜಿಮ್ ಎವ್ರಿ ಡೇ.’

‘ಈಸ್’, ‘ಆಮ್’, ‘ಆರ್’ ಇದ್ದಾಗ ಮಾತ್ರ ಆ್ಯಡ್‌ವರ್ಬ್ ಅವುಗಳ ನಂತರ ಬರುತ್ತದೆ. ‘ಶಿ ಈಸ್ ಯೂಶುವಲಿ ಇನ್ ದ ಲೈಬ್ರರಿ ಆಫ್ಟರ್ ಲಂಚ್.’ ಇದು ನಮ್ಮವರಿಗೆ ಬೇಗ ಹತ್ತುತ್ತದೆ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಜಾಗ ತಪ್ಪಿದರೆ ಬರೀ ಕಿವಿಗೆ ಒರಟಾಗುತ್ತದೆ ಅಂದುಕೊಳ್ಳಬೇಡಿ, ಅರ್ಥವೇ ಬೇರೆಯಾಗಬಹುದು. ಕನ್ನಡದಲ್ಲಿ ‘ಸಾಮಾನ್ಯವಾಗಿ’ ಅನ್ನುವ ಮಾತು ತನ್ನ ನಂತರ ಬರುವ ಪದದ ಮೇಲೆ ಒತ್ತು ಹಾಕುತ್ತದೆ. ‘ಶುಕ್ರವಾರ ಸಾಮಾನ್ಯವಾಗಿ ಮಾಲು ಕಳಿಸ್ತೀವಿ’ ಅಂದರೆ ಶುಕ್ರವಾರ ಬಂತೆಂದರೆ ಹೆಚ್ಚಾಗಿ ಮಾಲು ಹೊರಡುತ್ತದೆ. ‘ಮಾಲು ಸಾಮಾನ್ಯವಾಗಿ ಶುಕ್ರವಾರ ಕಳಿಸ್ತೀವಿ’ ಅಂದರೆ ಮಾಲು ಕಳಿಸುವುದಿದ್ದಾಗ ಆ ದಿನ ಹೆಚ್ಚಾಗಿ ಶುಕ್ರವಾರ. ಎರಡನೆಯದರಲ್ಲಿ ತಿಂಗಳಿಗೆ ಒಂದೇ ಸಲ ಕಳಿಸಿದರೂ ಮಾತು ಸುಳ್ಳಲ್ಲ. ನಾವು ‘ಸಾಮಾನ್ಯವಾಗಿ’ಯನ್ನು ಆಚೀಚೆ ಸರಿಸಿ ಈ ವ್ಯತ್ಯಾಸವನ್ನು ಸಲೀಸಾಗಿ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ‘ಯೂಶುವಲಿ’ ತನ್ನ ಜಾಗ ಬಿಟ್ಟು ಅಷ್ಟು ಸುಲಭವಾಗಿ ಬರುವುದಿಲ್ಲ. ಹಾಗಾಗಿ ಅಲ್ಲಿ ‘ಆನ್ ಫ್ರೈಡೇಸ್’ ಅನ್ನುವ ತುಂಡನ್ನೇ ಸರಿಸಬೇಕು.

ಬಟ್ಟೆ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬ ಹೊರರಾಜ್ಯದ ಗಿರಾಕಿಗೆ ಹೀಗೆ ಮೇಲ್ ಬರೆದಿದ್ದ: ‘ಆನ್ ಫ್ರೈಡೇಸ್, ವಿ ಯೂಶುವಲಿ ಡಿಸ್ಪ್ಯಾಚ್ ದ ಗೂಡ್ಸ್.’ ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಗಿರಾಕಿ ಅದನ್ನು ಓದಿಕೊಂಡದ್ದೂ ಸರಿಯಾಗಿಯೇ. ಬಹುತೇಕ ಎಲ್ಲ ಶುಕ್ರವಾರವೂ ಲೋಡ್ ಹೊರಡುತ್ತದೆ ಅಂದುಕೊಂಡು ಎರಡು ವಾರ ಕಾದು, ಮೂರನೇ ವಾರ ಫೋನಿನಲ್ಲಿ ರೇಗಾಡಿದರು. ಹುಡುಗ ಮೊಬೈಲ್ ಹಿಡಿದುಕೊಂಡು ಕ್ಲಾಸಿಗೆ ಬಂದ. ‘ಮೇಡಂ, ನಾನು ಬರೆದದ್ದರಲ್ಲಿ ಏನು ತಪ್ಪಿದೆ ಹೇಳಿ’ ಅಂದ. ಅವನ ಮನಸ್ಸಿನಲ್ಲಿದ್ದದ್ದು ತಿಂಗಳಿಗೊಂದು ಲೋಡ್, ಅದು ಹೆಚ್ಚಾಗಿ ಶುಕ್ರವಾರ.

ಅವನು ಬರೆಯಬೇಕಾಗಿದ್ದದ್ದು ಇದು: ‘ವಿ ಡಿಸ್ಪ್ಯಾಚ್ ದ ಗೂಡ್ಸ್ ಒನ್ಸ್ ಎ ಮಂತ್, ಯೂಶುವಲಿ ಆನ್ ಎ ಫ್ರೈಡೇ.’ ಇಲ್ಲಿ ‘ಯೂಶುವಲಿ’ ತನ್ನ ಜಾಗ ಬಿಟ್ಟು ನೇರವಾಗಿ ‘ಆನ್ ಎ ಫ್ರೈಡೇ’ ಪಕ್ಕಕ್ಕೆ ಬಂದಿದೆ. ಕದಲುವುದಿಲ್ಲ ಅಂದಿದ್ದೆನಲ್ಲ, ಹೀಗೆ ಕದಲಬೇಕಾದರೆ ಅದಕ್ಕೊಂದು ಅಲ್ಪವಿರಾಮ ಬೇಕು, ಮಾತಿನಲ್ಲಾದರೆ ಒಂದು ಚಿಕ್ಕ ನಿಲುಗಡೆ ಬೇಕು. ‘ಹಿ ಕಮ್ಸ್ ಟು ವರ್ಕ್, ಯೂಶುವಲಿ ಬೈ ಬಸ್.’ ಆಗ ಒತ್ತು ಆ ತುಂಡಿನ ಮೇಲೆ ಮಾತ್ರ ಬೀಳುತ್ತದೆ, ಥೇಟ್ ನಮ್ಮ ‘ಸಾಮಾನ್ಯವಾಗಿ ಬಸ್ಸಲ್ಲಿ’ ತರಹ. ಕನ್ನಡದ ಮನಸ್ಸಿಗೆ ತುಂಬಾ ಹೊಂದುವ ರಚನೆ ಇದು. ಆದರೂ ನಮ್ಮವರು ಇದನ್ನು ಬಳಸುವುದು ಕಡಿಮೆ.

ಅದೇ ಮೇಲ್‌ನಿಂದ ಇನ್ನೊಂದು ಪಾಠವೂ ಹುಟ್ಟಿತು. ಆನ್ ಫ್ರೈಡೇ, ಆನ್ ಫ್ರೈಡೇಸ್, ಆನ್ ಎ ಫ್ರೈಡೇ. ಕನ್ನಡದಲ್ಲಿ ಮೂರಕ್ಕೂ ‘ಶುಕ್ರವಾರ’ ಸಾಕು. ‘ಶುಕ್ರವಾರಗಳಂದು’ ಅಂತ ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದು ಹೆಚ್ಚಾಗಿ ಒಂದು ಗೊತ್ತಾದ ಶುಕ್ರವಾರ, ಬರುವುದೋ ಕಳೆದದ್ದೋ. ಎರಡನೆಯದು ವಾಡಿಕೆ. ಮೂರನೆಯದು ಯಾವುದೋ ಒಂದು ಶುಕ್ರವಾರ. ವಾಡಿಕೆ ಹೇಳುವಾಗ ಕೊನೆಯ ‘ಸ್’ ನುಂಗಬೇಡಿ. ‘ಎವ್ರಿ’ ಬಂದರೆ ‘ಆನ್’ ಬೇಡ, ‘ಎವ್ರಿ ಫ್ರೈಡೇ’ ಸಾಕು. ‘ಪ್ರತಿ ಶುಕ್ರವಾರದಂದು’ ಅನ್ನುವುದರ ‘ಅಂದು’ ನಮ್ಮ ಬಾಯಲ್ಲಿ ‘ಆನ್’ ಆಗಿ ನುಸುಳಿಬಿಡುತ್ತದೆ.

ಇಂಟರ್‌ವ್ಯೂಗಳಲ್ಲಿ ಇನ್ನೊಂದು ತೊಂದರೆ. ‘ಆರು ಗಂಟೆಗೆ ಏಳ್ತೀನಿ’ ಅನ್ನುವುದು ನಮ್ಮಲ್ಲಿ ದಿನದ ರೂಢಿಯೂ ಹೌದು, ನಾಳೆಯ ಮಾತೂ ಹೌದು. ಆದ್ದರಿಂದ ‘ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್’ ಅಂತ ಬಂದುಬಿಡುತ್ತದೆ. ರೂಢಿಯನ್ನು ಹೇಳಬೇಕಾದರೆ ‘ವಿಲ್’ ತೆಗೆದು ಅದೇ ಜಾಗಕ್ಕೆ ‘ಯೂಶುವಲಿ’ ಹಾಕಿ ಅಂತ ಹೇಳಿಕೊಡುತ್ತೇನೆ. ‘ಐ ಯೂಶುವಲಿ ಗೆಟ್ ಅಪ್ ಅಟ್ ಸಿಕ್ಸ್.’ ಒಂದೇ ವಾರದಲ್ಲಿ ನಾಲಿಗೆ ತಿರುಗುತ್ತದೆ.

ಇನ್ನು ‘ಇಲ್ಲ’ ಅನ್ನುವ ವಾಕ್ಯಗಳು. ನಮ್ಮ ‘ಯಾವತ್ತೂ’ಗೆ ಎರಡು ಮುಖ. ‘ಯಾವತ್ತೂ ಬರ್ತಾನೆ’ ಅಂದರೆ ಆಲ್ವೇಸ್, ‘ಯಾವತ್ತೂ ಬರಲ್ಲ’ ಅಂದರೆ ನೆವರ್. ನರ್ಸಿಂಗ್ ಮುಗಿಸಿದ ಹುಡುಗಿಯೊಬ್ಬಳು ‘ಭಾನುವಾರ ಯಾವತ್ತೂ ಕೆಲಸ ಮಾಡಲ್ಲ’ ಅನ್ನಲು ಹೋಗಿ ಇಂಟರ್‌ವ್ಯೂನಲ್ಲಿ ‘ಐ ಡೋಂಟ್ ಆಲ್ವೇಸ್ ವರ್ಕ್ ಆನ್ ಸಂಡೇಸ್’ ಅಂದಳು. ಅದರ ಅರ್ಥ ಎಲ್ಲ ಭಾನುವಾರ ಆಗುವುದಿಲ್ಲ, ಕೆಲವು ಆಗುತ್ತದೆ ಅಂತ. ಡ್ಯೂಟಿ ಚಾರ್ಟ್ ಬಂದಾಗ ಅವಳ ಹೆಸರು ಎರಡು ಭಾನುವಾರಕ್ಕಿತ್ತು. ಭಾನುವಾರ ಅಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅದಕ್ಕೇ ಅವಳು ಆ ಮಾತು ಎತ್ತಿದ್ದು. ‘ನೆವರ್’ ತನ್ನೊಳಗೇ ‘ಇಲ್ಲ’ವನ್ನು ಇಟ್ಟುಕೊಂಡಿದೆ, ಅದರ ಜೊತೆ ‘ಡೋಂಟ್’ ಸೇರಿಸಬಾರದು ಅಂತ ಮತ್ತೊಮ್ಮೆ ಹೇಳಿಕೊಟ್ಟೆ. ಮಾರನೇ ದಿನ ಅವಳು ಮೇಲಿನವರ ಹತ್ತಿರ ಹೋಗಿ ‘ಐ ಕ್ಯಾನ್ ನೆವರ್ ವರ್ಕ್ ಆನ್ ಸಂಡೇಸ್’ ಅಂತ ಹೇಳಿ, ಚಾರ್ಟ್ ಬದಲಾಯಿಸಿಕೊಂಡು ಬಂದಳು.