ಹೊಳೆಮತ್ತಿ ಅಂದರೆ ಮರವೂ ಬಂತು, ಜಾಗವೂ ಬಂತು: ಸಸ್ಯ ಸಮುದಾಯಗಳಿಗೆ ಹೆಸರಿಡುವ ಬಗ್ಗೆ ಟಿಪ್ಪಣಿ

ಪರೀಕ್ಷೆ ಹತ್ತಿರ ಬಂದರೆ ಎಲ್ಲರೂ ಕಾಡಿನ ವಿಧಗಳ ಪಟ್ಟಿ ಹಿಡಿದು ಕೂರುತ್ತೀರಿ. ಪಟ್ಟಿ ಆಮೇಲೆ ನೋಡೋಣ. ಮೊದಲು ಎರಡು ಮರ ನೋಡಿ.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದಲ್ಲಿ ಹೊಳೆಮತ್ತಿ ಇದೆ. ತೊಗಟೆ ನುಣ್ಣಗೆ, ಬೂದು ಬಿಳುಪು, ಅಲ್ಲಲ್ಲಿ ಹಪ್ಪಳದ ಹಾಗೆ ಸಿಪ್ಪೆ ಬಿಡುತ್ತದೆ. ನಾಗರಹೊಳೆ ಕಡೆ ಹೋದರೆ ಕರಿಮತ್ತಿ. ಅದರ ತೊಗಟೆ ಕಪ್ಪಗೆ, ಮೊಸಳೆ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದಿರುತ್ತದೆ. ಎರಡೂ ಟರ್ಮಿನಾಲಿಯಾ ಕುಲದವೇ. ಒಂದು ಹೊಳೆಯ ದಡ ಹಿಡಿದು ಬೆಳೆಯುತ್ತದೆ, ಇನ್ನೊಂದು ಬೇಸಿಗೆಯಲ್ಲಿ ಎಲೆ ಉದುರಿಸಿ ಮಳೆಗೆ ಕಾಯುತ್ತದೆ. ನಮ್ಮ ಜನ 'ಹೊಳೆ' ಅನ್ನುವ ಒಂದು ಮಾತು ಸೇರಿಸಿ ಮರವನ್ನೂ ಜಾಗವನ್ನೂ ಒಟ್ಟಿಗೆ ಹೇಳಿಬಿಟ್ಟರು. ಸಸ್ಯ ಸಮುದಾಯ, ಅಂದರೆ ಒಂದು ಜಾಗದಲ್ಲಿ ಒಟ್ಟಿಗೆ ಬೆಳೆಯುವ ಗಿಡಗಳ ಗುಂಪು. ಅದರ ಬಗ್ಗೆ ಈ ಅಧ್ಯಾಯ ಕೇಳುವುದೂ ಅದನ್ನೇ: ಇಲ್ಲಿ ಯಾವ ಗಿಡದ ಕೈ ಮೇಲಾಗಿದೆ, ಇದು ಎಂಥ ಜಾಗ?

ಕೈ ಮೇಲಾದ ಗಿಡಕ್ಕೆ ಪುಸ್ತಕದಲ್ಲಿ ಪ್ರಬಲ ಪ್ರಭೇದ ಅನ್ನುತ್ತಾರೆ. ಇಲ್ಲಿ ನಾನು ಮೊದಲ ಸಲ ತಪ್ಪು ಮಾಡಿದೆ. ಚಾಮುಂಡಿ ಬೆಟ್ಟದ ಇಳಿಜಾರಲ್ಲಿ ಹಗ್ಗ ಕಟ್ಟಿ ಹತ್ತು ಮೀಟರ್ ಚೌಕ ಮಾಡಿಕೊಂಡು, ಒಳಗಿದ್ದ ಗಿಡಗಳನ್ನೆಲ್ಲ ಎಣಿಸಿದೆ. 'ಬಂದರೆ' ಅನ್ನುವ ಪೊದೆ ಗಿಡವೇ ಜಾಸ್ತಿ ಇತ್ತು, ಮುಟ್ಟಿದರೆ ಅಂಟಂಟು ಎಲೆ, ಕಾಗದದಂಥ ರೆಕ್ಕೆಯ ಕಾಯಿ, ಗುರುತು ಹಿಡಿಯೋದು ಸುಲಭ. 'ಬಂದರೆ ಸಮುದಾಯ' ಎಂದು ಬರೆದುಕೊಂಡು ಬಂದೆ. ಅದೇ ಚೌಕದ ಮೂಲೆಯಲ್ಲಿ ಒಂದು ದೊಡ್ಡ ಚುಜ್ಜಲು ಮರ ಇತ್ತು. ಎಣ್ಣೆಸ್ನಾನಕ್ಕೆ ಎಲೆ ಪುಡಿ ಮಾಡುತ್ತಾರಲ್ಲ, ಅದೇ. ಅದನ್ನು ಪಟ್ಟಿಯಲ್ಲಿ 'ಒಂದು' ಎಂದು ಹಾಕಿ ಸುಮ್ಮನಾಗಿದ್ದೆ.

ತಪ್ಪು ಎಲ್ಲಿ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಮರವನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪ್ ಸುತ್ತಿ ಅಳೆಯುತ್ತೇವೆ. ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಿದರೆ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ. ಸುತ್ತಳತೆ 120 ಸೆಂ.ಮೀ. ಇದ್ದರೆ ಸುಮಾರು 1,146 ಚದರ ಸೆಂ.ಮೀ., 20 ಇದ್ದರೆ ಸುಮಾರು 32. ಅಂದರೆ ಒಂದು ದೊಡ್ಡ ಮರ ಅಂಥ 36 ಸಣ್ಣ ಮರಗಳಿಗೆ ಸಮ! ನೆರಳು, ಉದುರೆಲೆ, ಕೆಳಗಿನ ಮಣ್ಣಿನ ನೀರು, ಎಲ್ಲದರಲ್ಲೂ ಆ ಒಂದು ಮರದ ಮಾತೇ ನಡೆಯುತ್ತದೆ, ಸುತ್ತ ಎಷ್ಟು ಸಣ್ಣ ಗಿಡ ಇದ್ದರೂ.

ಹಾಗಂತ ದಪ್ಪ ಒಂದನ್ನೇ ನೋಡಿದರೂ ಆಗುವುದಿಲ್ಲ. ಯಾವುದೋ ಒಂದು ಚೌಕದಲ್ಲಿ ಒಂದೇ ಒಂದು ಹಳೇ ಮರ ಇರಬಹುದು, ಬೇರೆ ಕಡೆ ಇರದೇ ಇರಬಹುದು. ಅದಕ್ಕೇ ಕರ್ಟಿಸ್ ಮತ್ತು ಮ್ಯಾಕಿಂಟಾಷ್ ಅನ್ನುವ ಇಬ್ಬರು ಸಸ್ಯ ವಿಜ್ಞಾನಿಗಳು 1951ರಲ್ಲಿ ಮೂರನ್ನು ಕೂಡಿಸಿದರು: ಸಂಖ್ಯೆಯ ಪಾಲು, ಎಷ್ಟು ಚೌಕಗಳಲ್ಲಿ ಸಿಕ್ಕಿತು ಅನ್ನುವುದರ ಪಾಲು, ಕಾಂಡದ ವಿಸ್ತೀರ್ಣದ ಪಾಲು. ಮೂರೂ ಶೇಕಡಾ ಲೆಕ್ಕ, ಎಲ್ಲ ಪ್ರಭೇದಗಳದ್ದೂ ಸೇರಿ 300. ಪೊದೆ, ಹುಲ್ಲಿಗೆ ಟೇಪ್ ಸುತ್ತಲು ಆಗಲ್ಲ ಅಲ್ವಾ? ಅಲ್ಲಿ ನೆಲವನ್ನು ಎಷ್ಟು ಮುಚ್ಚಿದೆ ಎಂದು ನೋಡಬೇಕು. ಸಸ್ಯ ವಿಜ್ಞಾನಿ ಬ್ರೌನ್-ಬ್ಲಾಂಕೆ ಮಾಡಿಕೊಟ್ಟ ಅಳತೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಮುಚ್ಚಿದ್ದರೆ 5, ಅರ್ಧದಿಂದ ಮುಕ್ಕಾಲು ಇದ್ದರೆ 4, ಹೀಗೆ ಇಳಿಯುತ್ತಾ ಹೋಗುತ್ತದೆ.

ಈಗ ಜಾಗ. ಇದಕ್ಕೆ ನಾಗರಹೊಳೆಯ ಹಡ್ಲುಗಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. ಸುತ್ತ ಎತ್ತರದಲ್ಲಿ ಕರಿಮತ್ತಿ, ನಂದಿ, ಬೀಟೆ, ತೇಗ ದಟ್ಟವಾಗಿ ನಿಂತಿರುತ್ತವೆ. ನಡುವೆ ತಗ್ಗಿನಲ್ಲಿ ಒಂದು ಬಯಲು, ಬರೀ ಹಸಿರು ಹುಲ್ಲು, ಅದೇ ಹಡ್ಲು. ಯಾರೂ ಮರ ಕಡಿದು ಮಾಡಿದ್ದಲ್ಲ. ಮಳೆ ಅದೇ, ಬಿಸಿಲೂ ಅದೇ. ಕೆಳಗೆ ಮಾತ್ರ ಜೇಡಿಮಣ್ಣು, ನೀರು ಇಂಗದೆ ಜೌಗಾಗಿ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ, ಹಾಗಾಗಿ ಆ ಮರಗಳು ಅಲ್ಲಿ ಕಾಲೂರುವುದಿಲ್ಲ. ಕೆಲವೇ ಹೆಜ್ಜೆಯಲ್ಲಿ ಸಮುದಾಯ ಬದಲಾಗುತ್ತದೆ.

ಎಲ್ಲ ಕಡೆ ಗಡಿ ಇಷ್ಟು ಸ್ಪಷ್ಟ ಇರಲ್ಲ. ಹುಣಸೂರಿನಿಂದ ಪಶ್ಚಿಮಕ್ಕೆ ಹೋಗುತ್ತಾ ಮಳೆ ಹೆಚ್ಚುತ್ತದೆ, ದಿಂಡಿಗ ಇರುವ ಒಣ ಕಾಡು ನಿಧಾನವಾಗಿ ತೇವದ ಕಾಡಾಗುತ್ತದೆ, ಇಲ್ಲಿಗೇ ಮುಗಿಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ. ಸಸ್ಯ ವಿಜ್ಞಾನಿ ಕ್ಲೆಮೆಂಟ್ಸ್ 1916ರಲ್ಲಿ ಸಮುದಾಯವನ್ನು ಒಂದು ಜೀವಿಯ ಹಾಗೆ ನೋಡಿದರು. ಇನ್ನೊಬ್ಬ ಸಸ್ಯ ವಿಜ್ಞಾನಿ ಗ್ಲೀಸನ್ 1926ರಲ್ಲಿ, ಇಲ್ಲ, ಪ್ರತಿ ಪ್ರಭೇದವೂ ತನ್ನ ಪಾಡಿಗೆ ತನಗೆ ಹೊಂದುವ ಜಾಗದಲ್ಲಿ ಬೆಳೆಯುತ್ತದೆ ಎಂದರು. ಹುಣಸೂರು ದಾರಿ ನೋಡಿದ ಮೇಲೆ ನನಗೆ ಗ್ಲೀಸನ್ ಮಾತೇ ಸರಿ ಅನ್ನಿಸುತ್ತದೆ. ಆದರೂ ಹೆಸರು ಬೇಕು, ಹೆಸರಿಲ್ಲದೆ ನಕ್ಷೆ ಮಾಡಲು ಆಗುವುದಿಲ್ಲ.

ಈಗ ಪಟ್ಟಿ ತೆಗೆಯಿರಿ. ಅರಣ್ಯ ತಜ್ಞರಾದ ಚಾಂಪಿಯನ್ ಮತ್ತು ಸೇಠ್ 1968ರಲ್ಲಿ ಭಾರತದ ಕಾಡುಗಳನ್ನು 16 ಗುಂಪು ಮಾಡಿದರು. ಅವರು ಮೊದಲು ಹವಾಮಾನ ಮತ್ತು ಕಾಡಿನ ಸ್ವರೂಪ ನೋಡುತ್ತಾರೆ, ಪ್ರಬಲ ಮರ ಆಮೇಲೆ. ನಮ್ಮ ಕಡೆಗೆ ಮುಖ್ಯವಾದವು 3 ತೇವದ ಎಲೆ ಉದುರುವ ಕಾಡು, 5 ಒಣ ಎಲೆ ಉದುರುವ ಕಾಡು, 6 ಮುಳ್ಳುಕಾಡು. ಸಂಖ್ಯೆಯ ಮುಂದಿನ ಅಕ್ಷರ ಬಿಡಬೇಡಿ, ಮಾರ್ಕ್ಸ್ ಹೋಗುವುದು ಅಲ್ಲೇ. ಸಿ ಅಂದರೆ ಹವಾಮಾನದಿಂದ ಆದದ್ದು. ಇ ಅಂದರೆ ಮಣ್ಣಿನಿಂದ ಆದದ್ದು. ಡಿಎಸ್ ಅಂದರೆ ಕಡಿತ, ಮೇವು, ಬೆಂಕಿಯಿಂದ ಹಾಳಾದ ಹಂತ. 5/ಡಿಎಸ್1 ಅಂದರೆ ಒಣ ಕಾಡು ಸೊರಗಿ ಕುರುಚಲಾದದ್ದು. ಕುರುಚಲು ಕಂಡ ತಕ್ಷಣ ಮುಳ್ಳುಕಾಡು ಎಂದು ಬರೆಯುವವರು ತುಂಬಾ ಜನ. ಕಡಿದ ಬುಡದಿಂದ ಚಿಗುರಿದ ದಿಂಡಿಗ ಇದೆಯಾ ಎಂದು ಬಗ್ಗಿ ನೋಡಿ. ಇದ್ದರೆ ಅಲ್ಲಿ ಮೊದಲು ಎಲೆ ಉದುರುವ ಕಾಡಿತ್ತು.

ಹೆಸರು ಬರೆಯುವ ಕ್ರಮವೂ ಇದೆ. ಒಂದೇ ಎತ್ತರದ ಪದರದಲ್ಲಿ ಎರಡು ಪ್ರಬಲ ಆಗಿದ್ದರೆ ನಡುವೆ ಅಡ್ಡಗೆರೆ, ಬೇರೆ ಪದರಕ್ಕೆ ಓರೆಗೆರೆ. ಬಂಡೀಪುರದಲ್ಲಿ ಮೇಲೆ ದಿಂಡಿಗ ಮತ್ತು ತೇಗ, ಕೆಳಗೆ ಲಂಟಾನ ತುಂಬಿರುವ ಕಡೆ 'ದಿಂಡಿಗ-ತೇಗ / ಲಂಟಾನ' ಎಂದು ಬರೆಯಿರಿ. ಲಂಟಾನ ಅಮೆರಿಕದ ಕಡೆಯಿಂದ ಬಂದ ಗಿಡ. ಎಷ್ಟೇ ಹಬ್ಬಿದ್ದರೂ ಅದನ್ನು ಕಾಡಿನ ಹೆಸರಾಗಿ ಮುಂದೆ ಇಡಬೇಡಿ, ಬಿಟ್ಟೂ ಬಿಡಬೇಡಿ, ಏಕೆಂದರೆ ಮೇಲಿನ ಮರಗಳ ಸಸಿ ಏಳದಿರಲು ಅದೂ ಒಂದು ಕಾರಣ. ತೇಗ ಮಾತ್ರ ಸಾಲಾಗಿ, ಎಲ್ಲಾ ಒಂದೇ ದಪ್ಪಕ್ಕೆ ನಿಂತಿದ್ದರೆ ಅದು ನೈಸರ್ಗಿಕ ಸಮುದಾಯ ಅಲ್ಲ. 'ನೆಡುತೋಪು' ಎಂದು ಬರೆದುಕೊಂಡು ಮುಂದಿನ ಚೌಕಕ್ಕೆ ಹೋಗಿ.