ಪಾದರಸಕ್ಕೆ ಬಗ್ಗದ ಬ್ಯಾಕ್ಟೀರಿಯಾ ಆಂಟಿಬಯೋಟಿಕ್‌ಗೂ ಯಾಕೆ ಬಗ್ಗುವುದಿಲ್ಲ?

ಆಂಟಿಬಯೋಟಿಕ್ ನಾಟುತ್ತಿಲ್ಲ ಎಂದಾಗಲೆಲ್ಲ ನಾವು ಮಾತ್ರೆಯನ್ನೇ ಬೈಯುತ್ತೇವೆ. ಕೋರ್ಸ್ ಅರ್ಧಕ್ಕೆ ಬಿಟ್ಟಿದ್ದು, ನೆಗಡಿಗೂ ನುಂಗಿದ್ದು. ಅದೂ ನಿಜವೇ. ಆದರೆ ಇದರಲ್ಲಿ ಲೋಹಗಳ ಪಾಲೂ ಇದೆ.

ಜ್ವಾಲಾಮುಖಿಗಳು ಪಾದರಸ ಉಗುಳುವುದು ಇಂದು ನಿನ್ನೆಯದಲ್ಲ. ಅದನ್ನು ತಾಳಿಕೊಳ್ಳುವ ಜೀನ್‌ಗಳು ಸೈಬೀರಿಯಾದಲ್ಲಿ ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲೂ ಸಿಕ್ಕಿವೆ. 20ನೇ ಶತಮಾನದಲ್ಲಿ ನಾವು ಪಾದರಸವನ್ನು ಗಾಯಕ್ಕೆ ಹಚ್ಚಿದೆವು, ಬಿತ್ತನೆ ಬೀಜಕ್ಕೆ ಸವರಿದೆವು, ಹುಳುಕು ಹಲ್ಲಿಗೂ ತುಂಬಿದೆವು.

1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾದಲ್ಲಿ ಒಂದು ಪ್ಲಾಸ್ಮಿಡ್ ಸಿಕ್ಕಿತು. ಪ್ಲಾಸ್ಮಿಡ್ ಎಂದರೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲ ಡಿಎನ್‌ಎ ಉಂಗುರ. ಸಲ್ಫಾ, ಸ್ಟ್ರೆಪ್ಟೊಮೈಸಿನ್‌ ಔಷಧಿಗಳನ್ನು ಸೋಲಿಸುವ ಜೀನ್‌ಗಳು ಅದರಲ್ಲಿದ್ದವು. ಪಾದರಸದ ಜೀನ್‌ಗಳು ಅವುಗಳ ಪಕ್ಕದಲ್ಲೇ ಇದ್ದವು! ಒಂದೇ ಗಂಟಿನಲ್ಲಿ ಎರಡೂ. ಲೋಹ ಹಾಕಿದರೂ ಸಾಕು, ಬದುಕುಳಿದ ಬ್ಯಾಕ್ಟೀರಿಯಾ ಇಡೀ ಗಂಟು ಹೊತ್ತುಕೊಂಡು ಬೆಳೆಯುತ್ತದೆ.

ಪಾದರಸದ ಜೀನ್‌ಗಳು ಕೆಲಸ ಮಾಡುವ ರೀತಿ ಸೊಗಸಾಗಿದೆ. ಪಾದರಸ ಪ್ರೋಟೀನುಗಳಲ್ಲಿನ ಗಂಧಕಕ್ಕೆ ಅಂಟಿ ಅವನ್ನು ಕೆಡಿಸುತ್ತದೆ. ಮರ್‌-ಆರ್ ಎಂಬ ಪ್ರೋಟೀನು ಡಿಎನ್‌ಎ ಮೇಲೆ ಕಾವಲು ಕೂತಿರುತ್ತದೆ. ಪಾದರಸ ತಗುಲಿದ ಕೂಡಲೇ ಡಿಎನ್‌ಎಯನ್ನು ತುಸು ತಿರುಚಿ ಉಳಿದ ಜೀನ್‌ಗಳನ್ನು ಎಬ್ಬಿಸುತ್ತದೆ. ಮರ್‌-ಟಿ ಎಂಬ ಇನ್ನೊಂದು ಪ್ರೋಟೀನು ವಿಷವನ್ನು ಒಳಗೆ ಕರೆದುಕೊಳ್ಳುತ್ತದೆ. ಹುಚ್ಚುತನ ಅನ್ನಿಸುತ್ತೆ, ಅಲ್ವಾ? ಆದರೆ ಅದನ್ನು ಪಳಗಿಸುವ ಮರ್‌-ಎ ಎಂಬ ಕಿಣ್ವ ಇರುವುದು ಒಳಗೇ. ಅದು ಎರಡು ಎಲೆಕ್ಟ್ರಾನ್ ಕೊಟ್ಟರೆ ಪಾದರಸ ಆವಿಯಾಗಿ ಹೊರಟುಹೋಗುತ್ತದೆ. ವಿಷ ನಾಶವಾಗಲಿಲ್ಲ, ಸುಮ್ನೆ ಪಕ್ಕದ ಮನೆಗೆ ಹೋಯಿತು. 1972ರಲ್ಲಿ ವಿಜ್ಞಾನಿಗಳಾದ ಆನ್ ಸಮ್ಮರ್ಸ್ ಮತ್ತು ಸೈಮನ್ ಸಿಲ್ವರ್ ಈ ಆವಿಯಾಗುವಿಕೆಯನ್ನು ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದಲ್ಲಿ ತೋರಿಸಿದರು.

1993ರಲ್ಲಿ ಸಮ್ಮರ್ಸ್ ತಂಡ ಮಂಗಗಳ ಹಲ್ಲಿಗೆ ಪಾದರಸದ ಮಿಶ್ರಣ ತುಂಬಿಸಿತು. ಪಾದರಸ ತಾಳುವ ಬ್ಯಾಕ್ಟೀರಿಯಾ ಬಾಯಲ್ಲೂ ಕರುಳಲ್ಲೂ ಜಾಸ್ತಿಯಾದವು. ಅವುಗಳಲ್ಲಿ ಹಲವು ಆಂಟಿಬಯೋಟಿಕ್‌ಗಳಿಗೂ ಬಗ್ಗಲಿಲ್ಲ. ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಫಲಿತಾಂಶ ಇಷ್ಟು ಸ್ಪಷ್ಟವಾಗಿಲ್ಲ. ಅಷ್ಟಕ್ಕೇ ಚಿಂತೆ ಬಿಡಬಹುದೇ ಅನ್ನುವುದು ಬೇರೆ ಮಾತು.

ಈಗ ಪಾದರಸ ಹಿಂದೆ ಸರಿದಿದೆ. 2013ರಲ್ಲಿ ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದವೂ ಆಯಿತು. ಚರ್ಚೆ ತಾಮ್ರ, ಸತುವಿನ ಕಡೆ ಹೊರಳಿದೆ. ಯುರೋಪಿನಲ್ಲಿ ಹಂದಿಮರಿಗಳ ಭೇದಿ ತಡೆಯಲು ಮೇವಿಗೆ ಸತುವಿನ ಆಕ್ಸೈಡನ್ನು ಧಾರಾಳವಾಗಿ ಬೆರೆಸುತ್ತಿದ್ದರು. ಔಷಧಿಯಾಗಿ ಅದರ ಬಳಕೆ ಅಲ್ಲಿ 2022ರಲ್ಲಿ ನಿಂತಿತು. ಅಷ್ಟರಲ್ಲಿ ಬೇಕಾದಷ್ಟು ಸತು ಗೊಬ್ಬರದ ಜೊತೆ ಹೊಲ ಸೇರಿತ್ತು. ಅದು ಪಾದರಸದ ಹಾಗೆ ಆವಿಯಾಗಿಯೂ ಹೋಗುವುದಿಲ್ಲ.