ಉಪ್ಪು ಏರಿ ಇಳಿಯುವ ಅಳಿವೆ

ಬೇಸಿಗೆಯಲ್ಲಿ ನದಿ ತುಂಬ ಸಿಹಿನೀರು ಹರಿದರೆ ಅದು ಕಡಲು ಸೇರುವ ಅಳಿವೆಗೆ ಕೇಡು ಎಂದರೆ ನಂಬುವವರು ಕಡಿಮೆ. ಹೊನ್ನಾವರದಲ್ಲಿ ಆದದ್ದು ಹೆಚ್ಚುಕಡಿಮೆ ಅದೇ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅಂದಿನಿಂದ ಕರೆಂಟಿಗಾಗಿ ಬಿಟ್ಟ ನೀರು ಕಾಲ ನೋಡದೆ ಕೆಳಗಿಳಿಯುತ್ತಿದೆ. ಕಡಲಿನ ಉಪ್ಪು ಒಳಕ್ಕೆ ಏರಬೇಕಾದ ತಿಂಗಳುಗಳಲ್ಲೂ ಈ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಉಪ್ಪು ಬೇಡುವ ಚಿಪ್ಪುಜೀವಿಗಳಿಗೆ ಅಲ್ಲಿ ನೆಲೆ ಕುಗ್ಗಿತು.

ತುಸು ಉತ್ತರಕ್ಕೆ, ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಶಿರಸಿ ಸೀಮೆಯಲ್ಲಿ ಹುಟ್ಟಿ ತದಡಿಯ ಬಳಿ ಕಡಲು ಸೇರುವ ಈ ನದಿಯ ಅಳಿವೆ ಮಳೆಗಾಲದಲ್ಲಿ ಬಹುಪಾಲು ಸಿಹಿ. ಮಳೆ ಕಳೆದ ಮೇಲೆ ಉಬ್ಬರದ ಜೊತೆ ಉಪ್ಪು ಒಳನುಗ್ಗುತ್ತದೆ. ಇಳಿತದ ಹೊತ್ತಿಗೆ ಮರಳುದಿಣ್ಣೆಗಳಲ್ಲಿ ಜನ ಬಗ್ಗಿ ತೆಗೆಯುವ ಬಳಚು ಎಂಬ ಚಿಪ್ಪುಜೀವಿ ಬದುಕುವುದು ಈ ಏರಿಳಿತದ ಮೇಲೆ. ಕೆಸರಿನಲ್ಲಿ ಹುದುಗಿ, ಒಂದು ನಳಿಕೆಯಿಂದ ನೀರು ಎಳೆದು, ಕಿವಿರಿನಲ್ಲಿ ಸೂಕ್ಷ್ಮ ಪಾಚಿಯನ್ನು ಸೋಸಿಕೊಂಡು, ಇನ್ನೊಂದರಿಂದ ಹೊರಬಿಡುತ್ತದೆ. ನೀರು ತೀರಾ ಸಿಹಿಯಾದರೆ ಚಿಪ್ಪು ಬಿಗಿದುಕೊಂಡು ಕಾಯುತ್ತದೆ. ಕೆಲವು ದಿನವಾದರೆ ಸರಿ, ವರ್ಷವಿಡೀ ಕಾಯಲು ಅದಕ್ಕೂ ಆಗದು.

ದಂಡೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಸಿಗಡಿ, ಮೀನುಮರಿಗಳು ಅಡಗುತ್ತವೆ.

ಇಲ್ಲಿನ ರೈತರಂತೂ ಇದೇ ಏರಿಳಿತಕ್ಕೆ ಹೊಂದುವ ಭತ್ತವನ್ನೇ ಉಳಿಸಿಕೊಂಡು ಬಂದಿದ್ದಾರೆ. ಗಜನಿ ಎಂದು ಕರೆಯುವ ತಗ್ಗುಗದ್ದೆಗಳ ಉಪ್ಪನ್ನು ಮುಂಗಾರು ತೊಳೆದ ಮೇಲೆ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಎತ್ತರಕ್ಕೆ ಬೆಳೆಯುವ ಈ ತಳಿ ಉಪ್ಪನ್ನೂ ಕೆಲವು ದಿನದ ಮುಳುಗಡೆಯನ್ನೂ ತಾಳಿಕೊಳ್ಳುತ್ತದೆ. ಗೊಬ್ಬರ, ಔಷಧಿ ಕೇಳುವುದಿಲ್ಲ. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಅದು ಕೊಳೆತು, ಉಬ್ಬರದ ನೀರಿನೊಂದಿಗೆ ಬಂದ ಸಿಗಡಿ ಮೀನುಗಳಿಗೆ ಮೇವಾಗುತ್ತದೆ. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ. ಬರಿ ಸಿಗಡಿಯ ಆಸೆಗೆ ಬಿದ್ದ ಕಡೆ ಕಗ್ಗ ಮಾಯವಾಯಿತು, ಒಡ್ಡು ನೋಡಿಕೊಳ್ಳುವವರೂ ಇಲ್ಲವಾದರು. ಕೃಷಿ ವಿಜ್ಞಾನದ ಕಣ್ಣಿಗೆ ಕಡಿಮೆ ಇಳುವರಿಯ ತಳಿಯಾಗಿ ಕಂಡದ್ದೂ ಕಗ್ಗಕ್ಕೆ ಒಳ್ಳೆಯದು ಮಾಡಲಿಲ್ಲ. ಎಕರೆಗೆ ಎಷ್ಟು ಭತ್ತ ಎಂದು ಅಳೆದವರು ಮೀನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದು ನನ್ನ ತಕರಾರು.

2024ರ ಜನವರಿಯಲ್ಲಿ ಈ ಅಳಿವೆಯ 4801 ಹೆಕ್ಟೇರ್ ಪ್ರದೇಶ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು. ಸಂತೋಷವೇ. ಆದರೆ ಆ ಗೆರೆ ಎಳೆದಿರುವುದು ನದಿಯ ಬಾಯಿಯ ಸುತ್ತ. ನೀರಿನ ಹಣೆಬರಹ ತೀರ್ಮಾನವಾಗುವುದು ಘಟ್ಟದ ಮೇಲೆ. ಅಘನಾಶಿನಿಯನ್ನು ಪೂರ್ವದ ವೇದಾವತಿ ನದಿಗೆ ಜೋಡಿಸುವ ಪ್ರಸ್ತಾವ ಬಂದಾಗ, ಕಡಲಿಗೆ ಹೋಗುವ ನೀರು ವ್ಯರ್ಥ ಎಂಬ ವಾದ ಕೇಳಿಬರುತ್ತದೆ. ಶರಾವತಿಯದು ಸಿಹಿನೀರು ಹೆಚ್ಚಾದ ಕಥೆ, ಇಲ್ಲಿ ಕಡಿಮೆಯಾದೀತು. ಮಳೆಗಾಲದ ಹರಿವು ತಗ್ಗಿದರೆ ಗಜನಿಯ ಉಪ್ಪು ತೊಳೆಯುವುದಿಲ್ಲ, ಮತ್ತು ಮೊಳಕೆಯ ಹಂತದಲ್ಲಿ ಕಗ್ಗಕ್ಕೂ ಸಿಹಿನೀರೇ ಬೇಕು.